ವಿಮಾನಚಿತ್ರಗಳೂ ವಿದ್ಯೆಯ ಮಾನವೂ

ಬೆಂಗಳೂರಿನ ಬಡಗಣ ಸೀಮೆಗೆ ಆಕಾಶದೊಡನೆ ಇರುವ ನಂಟು ಸಾಮಾನ್ಯವಾದುದಲ್ಲ. ಯಲಹಂಕದ ವಾಯುಸೇನೆಯ ನೆಲೆಯಲ್ಲಿ ೧೯೯೬ ರಿಂದ ಈಚೆಗೆ ಎರಡು ವರ್ಷಕ್ಕೊಮ್ಮೆ ದೇಶದೇಶಗಳ ವಿಮಾನಗಳು ಬಂದು ತಮ್ಮ ಬಲವನ್ನು ತೋರಿಸಿ ಹೋಗುತ್ತವೆ. ಯಶವಂತಪುರಕ್ಕೆ ಹತ್ತಿರದಲ್ಲಿಯೇ ೧೯೦೯ ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ ರಿಂದ ವಿಮಾನಶಾಸ್ತ್ರದ ಪಾಠಪ್ರವಚನಗಳು ನಡೆದುಬಂದಿವೆ. ಅಲ್ಲಿಂದ ಮುಂದಕ್ಕೆ, ಪೀಣ್ಯದ ಕೈಗಾರಿಕಾ ಬಡಾವಣೆಯ ಷೆಡ್ಡುಗಳಲ್ಲಿ, ಭರತಖಂಡದ ಮೊದಲನೆಯ ಕೃತಕ ಉಪಗ್ರಹವು ರೂಪುಗೊಂಡಿತು. ಚಂದ್ರನ ಮೇಲೆ ಇಳಿದ ಯಂತ್ರಕ್ಕೆ ಆಜ್ಞೆಗಳು ಹೋದುದೂ ಅದೇ ಪೀಣ್ಯದಿಂದ. ಇಂಥ ಸೀಮೆಯಲ್ಲಿ ಬೆಳೆಯುವ ಮಕ್ಕಳಿಗೆ ಆಕಾಶದ ವಿಷಯದಲ್ಲಿ ಯಾವ ಚಿತ್ರವನ್ನು ತೋರಿಸತಕ್ಕದ್ದು, ಅದರ ಕೆಳಗೆ ಏನೆಂದು ಬರೆಯತಕ್ಕದ್ದು ಎಂಬ ಪ್ರಶ್ನೆಯು ಅಲ್ಪವಾದುದೆಂದು ತಳ್ಳಿಬಿಡುವುದಕ್ಕಾಗದು.

ಪ್ರಶ್ನೆ ಏಳುವುದಕ್ಕೆ ಕಾರಣವುಂಟು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ಹೆಸರುಗಳುಳ್ಳ ನಾಲ್ಕು ವಿಮಾನಗಳ ನಕ್ಷೆಗಳು ಬಹುಕಾಲದಿಂದ ಜನರ ನಡುವೆ ಓಡಾಡುತ್ತಿವೆ. ಒಂದು ಹಕ್ಕಿಯಂತೆ ರೆಕ್ಕೆ ಬಿಚ್ಚಿದೆ. ಒಂದು ಗೋಪುರದಂತೆ ಅಂತಸ್ತು ಅಂತಸ್ತಾಗಿ ಏರಿದೆ. ಒಂದು ನೆಲದ ಮೇಲೂ ನೀರಿನಲ್ಲಿಯೂ ಗಾಳಿಯಲ್ಲಿಯೂ ಚಲಿಸಬಲ್ಲುದಂತೆ. ಪುಸ್ತಕಗಳ ಹೊದಿಕೆಗಳಲ್ಲಿ, ವಸ್ತುಪ್ರದರ್ಶನಗಳ ಹಲಗೆಗಳಲ್ಲಿ, ಈಚೆಗೆ ಮೊಬೈಲಿನಿಂದ ಮೊಬೈಲಿಗೆ ಹಾರುವ ಸಂದೇಶಗಳಲ್ಲಿ ಇವು ಕಾಣಿಸಿಕೊಳ್ಳುತ್ತವೆ. ಕೆಳಗೆ ಬರೆದಿರುವ ಮಾತು ಬಹುಮಟ್ಟಿಗೆ ಒಂದೇ: ಸಾವಿರಾರು ವರ್ಷಗಳ ಹಿಂದೆ ಋಷಿಗಳು ನಿರ್ಮಿಸಿದ ವಿಮಾನಗಳು, ಲೋಕದಿಂದ ಲೋಕಕ್ಕೆ ಸಂಚರಿಸುತ್ತಿದ್ದ ವಾಹನಗಳು. ಈ ಒಂದು ಮಾತಿನಿಂದ ಮೂವರಿಗೆ ಅಪಚಾರವಾಗುತ್ತಿದೆ: ಸಂಸ್ಕೃತ ವಿದ್ಯೆಗೆ, ಆ ನಕ್ಷೆಗಳನ್ನು ಬರೆದ ಚಿತ್ರಕಾರನಿಗೆ, ಅವನ್ನು ನೋಡುವ ಮಗುವಿಗೆ. ಆ ಅಪಚಾರವು ಹೇಗೆ ಆಗುತ್ತಿದೆಯೆಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ವೃತ್ತಾಂತ. ಆನೇಕಲ್ಲಿನ ಪಂಡಿತ ಸುಬ್ಬರಾಯಶಾಸ್ತ್ರಿಗಳು ೧೮೬೬ ರಲ್ಲಿ ಹುಟ್ಟಿ ೧೯೪೦ ರಲ್ಲಿ ಗತಿಸಿದವರು. ೧೯೧೮ ರಿಂದ ೧೯೨೩ ರವರೆಗೆ ಅವರು ಬಾಯಿಂದ ನುಡಿಯುತ್ತ ಹೋದುದನ್ನು ವೆಂಕಟಾಚಲಶರ್ಮರೆಂಬುವರು ಬರೆದುಕೊಳ್ಳುತ್ತ ಬಂದರು. ಹಾಗೆ ಸಿದ್ಧವಾದ ಗ್ರಂಥಕ್ಕೆ ವೈಮಾನಿಕಶಾಸ್ತ್ರವೆಂದು ಹೆಸರು. ಅದು ಭರದ್ವಾಜ ಮಹರ್ಷಿಯ ಯಂತ್ರಸರ್ವಸ್ವದ ಒಂದು ಭಾಗವೆಂದು ಹೇಳಿಕೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ, ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕೆ, ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಹೋಗಬಲ್ಲುದೇ ವಿಮಾನವೆಂದು ಅದರಲ್ಲಿ ಲಕ್ಷಣ ಹೇಳಿದೆ. ನಡೆಸುವವನು ತಿಳಿದಿರಬೇಕಾದ ಮೂವತ್ತೆರಡು ರಹಸ್ಯಗಳು, ಲೋಹಗಳು, ದರ್ಪಣಗಳು, ಆಹಾರ, ಉಡುಪು ಎಲ್ಲವೂ ಅದರಲ್ಲಿ ಉಂಟು. ೧೯೫೯ ರಲ್ಲಿ ಇದು ಹಿಂದೀ ವಿವರಣೆಯೊಡನೆಯೂ, ೧೯೭೩ ರಲ್ಲಿ ಮೈಸೂರಿನ ಜಿ. ಆರ್. ಜೋಸಯರ್ ಅವರಿಂದ ಇಂಗ್ಲಿಷ್ ಅನುವಾದದೊಡನೆಯೂ ಅಚ್ಚಾಯಿತು. ನಕ್ಷೆಗಳು ಲೋಕಪ್ರಸಿದ್ಧವಾದುದು ಈ ಎರಡನೆಯ ಮುದ್ರಣದಿಂದ.

ಆ ನಕ್ಷೆಗಳನ್ನು ಬರೆದವರು ಯಾರು? ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಟಿ. ಕೆ. ಎಲ್ಲಪ್ಪನವರು. ಇದೇನೂ ಗುಟ್ಟಲ್ಲ. ನಕ್ಷೆಗಳ ಮೇಲೆಯೇ ಅವರ ಹೆಸರಿದೆ. ಆನೇಕಲ್ಲಿನ ಶಾಸ್ತ್ರಿಗಳ ಸೂಚನೆಯಂತೆ ಬರೆದುದೆಂಬ ಒಕ್ಕಣೆಯಿದೆ. ಬೆಂಗಳೂರು ಎಂಬ ಊರಿನ ಹೆಸರಿದೆ. ೧೯೨೩ ನೆಯ ಇಸವಿ ಡಿಸೆಂಬರು ತಿಂಗಳ ತಾರೀಖೂ ಇದೆ. ಚಿತ್ರದೊಳಗಿನ ಯಂತ್ರಾಂಗಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿ ಗುರುತಿಸಿದೆ. ಚಿತ್ರಕಾರನು ಯಾರನ್ನೂ ವಂಚಿಸಲಿಲ್ಲ. ತಾನು ಯಾರು, ಎಲ್ಲಿಯವನು, ಎಂದು ಬರೆದೆನು, ಯಾರ ಮಾತಿನ ಮೇಲೆ ಬರೆದೆನು ಎಂಬ ನಾಲ್ಕು ಸಂಗತಿಗಳನ್ನೂ ಪ್ರಾಮಾಣಿಕನಾದ ಕುಶಲಕರ್ಮಿಯು ಹೇಗೆ ನಮೂದಿಸಬೇಕೋ ಹಾಗೆ ನಮೂದಿಸಿದನು. ವಂಚನೆ ನಡೆದುದು ಆಮೇಲೆ, ಆ ಒಕ್ಕಣೆಯನ್ನು ಕತ್ತರಿಸಿ ಚಿತ್ರವನ್ನು ಮಾತ್ರ ಉಳಿಸಿಕೊಂಡವರ ಕೈಯಿಂದ.

ಇನ್ನು ಪರೀಕ್ಷೆಯ ವಿಷಯ. ೧೯೭೪ ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬುವರು, ಈ ಗ್ರಂಥವನ್ನೂ ನಕ್ಷೆಗಳನ್ನೂ ಸಾವಧಾನವಾಗಿ ಶೋಧಿಸಿದರು. ಅವರು ಕಂಡುಕೊಂಡ ನಿರ್ಣಯ ಹೀಗಿದೆ: ಗ್ರಂಥವು ೧೯೦೪ ಕ್ಕಿಂತ ಹಿಂದಿನದೆಂದು ಹೇಳುವುದಕ್ಕಾಗದು, ಅದರ ಭಾಷೆಯಲ್ಲಿ ವೈದಿಕ ಲಕ್ಷಣಗಳು ತೋರವು, ಹೇಳಿರುವ ವಿಮಾನಗಳಲ್ಲಿ ಯಾವುದಕ್ಕೂ ಹಾರುವ ಯೋಗ್ಯತೆಯಿಲ್ಲ, ಮುಂದಕ್ಕೆ ತಳ್ಳಬೇಕಾದ ಏರ್ಪಾಡು ಹಾರಾಟಕ್ಕೆ ಸಹಾಯವಾಗುವುದಕ್ಕೆ ಬದಲಾಗಿ ಅಡ್ಡಿಯಾಗುತ್ತದೆ, ನಕ್ಷೆಗಳಿಗೂ ಶ್ಲೋಕಗಳಿಗೂ ಹೊಂದಿಕೆಯಿಲ್ಲ, ನಕ್ಷೆಗಳಲ್ಲಿ ಈ ಕಾಲದ ಯಂತ್ರಗಳ ಪರಿಚಯವು ಸ್ಪಷ್ಟವಾಗಿ ಕಾಣುತ್ತದೆ. ರೈಟ್ ಸಹೋದರರು ಮೊದಲು ಹಾರಿದುದು ೧೯೦೩ ನೆಯ ಡಿಸೆಂಬರು ೧೭ ರಂದು ಎಂಬುದನ್ನು ನೆನೆದರೆ, ೧೯೦೪ ಎಂಬ ಅಂಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಾದ ಮೇಲೆಯೂ ೨೦೧೫ ರ ಜನವರಿಯಲ್ಲಿ ಮುಂಬಯಿಯಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಒಂದು ಗೋಷ್ಠಿಯಲ್ಲಿ ಈ ಗ್ರಂಥವನ್ನು ಪ್ರಾಚೀನ ವಿಮಾನವಿದ್ಯೆಗೆ ಆಧಾರವೆಂದು ಮುಂದಿಟ್ಟರು. ನಾಲ್ವತ್ತು ವರ್ಷಗಳ ಹಿಂದೆಯೇ ಬಿದ್ದುಹೋದ ಪಕ್ಷವು ಮತ್ತೆ ಎದ್ದು ನಿಂತಿತು.

ಈ ಪಕ್ಷದವರು ಹೇಳುವ ಸಮಾಧಾನಗಳನ್ನು ಒಂದೊಂದಾಗಿ ಪರಿಶೀಲಿಸುವುದು ನ್ಯಾಯ. ಪೂರ್ವಪಕ್ಷವನ್ನು ಎದುರಾಳಿಗಿಂತಲೂ ಚೆನ್ನಾಗಿ ಹೇಳಿ ಆಮೇಲೆ ಖಂಡಿಸುವುದು ಶಾಸ್ತ್ರಕಾರರ ಮರ್ಯಾದೆಯಷ್ಟೆ.

ಮೊದಲನೆಯ ಸಮಾಧಾನ: ಪರೀಕ್ಷಕರು ಪಾಶ್ಚಾತ್ಯ ವಿದ್ಯೆಯ ಕನ್ನಡಕದಿಂದ ನೋಡಿದರು, ಋಷಿವಾಕ್ಯವನ್ನು ಆ ಅಳತೆಗೋಲಿನಿಂದ ಅಳೆಯಬಾರದು. ಹಾಗೆಯೇ ಆಗಲಿ, ಸ್ವದೇಶದ ಅಳತೆಗೋಲಿನಿಂದಲೇ ಅಳೆಯೋಣವಾಗಲಿ. ಶಬ್ದವು ಪ್ರಮಾಣವಾಗುವುದು ಆಪ್ತನ ವಾಕ್ಯವಾದಾಗ ಎಂದು ನೈಯಾಯಿಕರ ಮತ. ಆಪ್ತನೆಂದರೆ ವಸ್ತುವನ್ನು ಸ್ವತಃ ಕಂಡು ತಿಳಿದು, ತಿಳಿದುದನ್ನು ತಿಳಿದಂತೆಯೇ ಹೇಳಬಯಸುವವನು. ಭರದ್ವಾಜನು ಹೀಗೆ ಹೇಳಿದನೆಂಬುದಕ್ಕೆ ೧೯೧೮ ಕ್ಕೆ ಹಿಂದಿನ ಓಲೆಗರಿ ಒಂದಾದರೂ ಪಂಡಿತರ ಮುಂದೆ ಬಂದಿದೆಯೆ? ಬಂದಿಲ್ಲ. ಆರ್ಯಭಟೀಯದ ಗತಿಯನ್ನು ನೋಡಬೇಕು. ಅದು ಕ್ರಿ. ಶ. ೪೯೯ ರ ಗ್ರಂಥ. ೬೨೮ ರಲ್ಲಿ ಬ್ರಹ್ಮಗುಪ್ತನು ಅದನ್ನು ಕಟುವಾಗಿ ಖಂಡಿಸಿದನು. ೬೨೯ ರಲ್ಲಿ ಒಂದನೆಯ ಭಾಸ್ಕರನು ಅದಕ್ಕೆ ಭಾಷ್ಯ ಬರೆದನು. ಸಾವಿರ ವರ್ಷಗಳ ಮೇಲೆ ಕೇರಳದ ನೀಲಕಂಠ ಸೋಮಯಾಜಿಯು ಮತ್ತೆ ವಿಸ್ತಾರವಾದ ಭಾಷ್ಯವನ್ನು ರಚಿಸಿದನು. ನಿಜವಾದ ಶಾಸ್ತ್ರವು ಹೀಗೆ ಬಾಳುತ್ತದೆ: ಒಬ್ಬನು ಎತ್ತಿ ಹಿಡಿಯುತ್ತಾನೆ, ಒಬ್ಬನು ಕೆಡವುತ್ತಾನೆ, ಮತ್ತೊಬ್ಬನು ತಿದ್ದುತ್ತಾನೆ. ಯಾರೂ ಖಂಡಿಸದ, ಯಾರೂ ಉದಾಹರಿಸದ, ಯಾರೂ ಭಾಷ್ಯ ಬರೆಯದ ಶಾಸ್ತ್ರವೊಂದು ಮೂರು ಸಾವಿರ ವರ್ಷ ಮೂಕವಾಗಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ವಿಮಾನಗಳು ಹಾರಿದ ಮೇಲೆ, ಥಟ್ಟನೆ ಬಾಯಿಬಿಟ್ಟಿತೆಂದರೆ ಪಾಠಶಾಲೆಯ ಮೊದಲ ತರಗತಿಯ ವಿದ್ಯಾರ್ಥಿಯೂ ಸಂಶಯಪಡಬೇಕಾದುದು ಸಹಜ. ಈ ಸಂಶಯವನ್ನು ಪಾಶ್ಚಾತ್ಯರಿಂದ ಕಡ ತರಬೇಕಾಗಿಲ್ಲ.

ಎರಡನೆಯ ಸಮಾಧಾನ: ವಾಲ್ಮೀಕಿಯಲ್ಲಿ ಪುಷ್ಪಕವುಂಟು, ಕಾಳಿದಾಸನಲ್ಲಿ ಇಂದ್ರರಥವುಂಟು, ಕಾಣದೆ ಇದ್ದಿದ್ದರೆ ಕವಿಗಳು ಹೇಗೆ ಬರೆದಾರು? ಇದು ಕವಿಗಳನ್ನು ಹೊಗಳಿದಂತೆ ತೋರಿ ವಾಸ್ತವವಾಗಿ ತೆಗಳುವ ಮಾತು. ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಮಾತಲಿಯೊಡನೆ ಆಕಾಶದಿಂದ ಇಳಿದುಬರುತ್ತಾನೆ. ರಥವು ಇಳಿಯುತ್ತಿರಲಾಗಿ ಭೂಮಿಯೇ ಮೇಲಕ್ಕೆ ಎಸೆಯಲ್ಪಟ್ಟಂತೆ ಅವನಿಗೆ ತೋರುತ್ತದೆ. ಶಿಖರಗಳಿಂದ ನೆಲವು ಕೆಳಕ್ಕೆ ಜಾರಿದಂತಾಗುತ್ತದೆ. ಎಲೆಗಳ ಒಟ್ಟಿಲಿನಲ್ಲಿ ಮರೆಯಾಗಿದ್ದ ಮರಗಳ ಬೊಡ್ಡೆಗಳು ಹೊರಬೀಳುತ್ತವೆ. ನೀರೇ ಇಲ್ಲವೆಂಬಂತೆ ಸಣ್ಣ ಗೆರೆಗಳಾಗಿದ್ದ ನದಿಗಳು ಅಗಲವಾಗಿ ಕಾಣತೊಡಗುತ್ತವೆ. ಇಂದು ದೇವನಹಳ್ಳಿಗೆ ಇಳಿಯುವ ವಿಮಾನದ ಕಿಟಕಿಯಿಂದ ನೋಡುವ ಯಾವನಾದರೂ ಇದು ಯಥಾರ್ಥವೆಂದು ಒಪ್ಪುತ್ತಾನೆ. ಕಾಳಿದಾಸನಿಗೆ ಇದು ತೋರಿದುದು ಹೇಗೆ? ಬೆಟ್ಟವನ್ನು ಹತ್ತಿ ಇಳಿದವನ ಅನುಭವವನ್ನು ಪ್ರತಿಭೆಯಿಂದ ಆಕಾಶದವರೆಗೆ ಹಿಗ್ಗಿಸಿದುದರಿಂದ. ಅವನಿಗೆ ಯಂತ್ರ ಬೇಕಾಗಿರಲಿಲ್ಲ. ಕಣ್ಣೂ ಬುದ್ಧಿಯೂ ಸಾಕಾಗಿದ್ದುವು. ಯಂತ್ರವೊಂದನ್ನು ನೋಡಿ ನಕಲು ಮಾಡಿದನೆಂದು ಹೇಳಿದರೆ ಕವಿಕುಲಗುರುವನ್ನು ಲೆಕ್ಕ ಬರೆಯುವ ಗುಮಾಸ್ತನ ಮಟ್ಟಕ್ಕೆ ಇಳಿಸಿದಂತಾಗುವುದಿಲ್ಲವೆ?

ಭೋಜರಾಜನ ಸಮರಾಂಗಣಸೂತ್ರಧಾರದಲ್ಲಿ ಪಾದರಸದ ಬಲದಿಂದ ಹಾರುವ ಮರದ ಹಕ್ಕಿಯ ಪ್ರಸ್ತಾಪವುಂಟೆಂದು ಕೆಲವರು ಹೇಳುತ್ತಾರೆ. ಉಂಟು, ಅದು ಹನ್ನೊಂದನೆಯ ಶತಮಾನದ ನಿಜವಾದ ಗ್ರಂಥವೂ ಹೌದು. ಆದರೆ ಅಲ್ಲಿಯೂ ಯಂತ್ರದ ಜೋಡಣೆಯನ್ನು ಪೂರ್ತಿಯಾಗಿ ಹೇಳಿಲ್ಲ. ರಹಸ್ಯವು ಕಾಪಾಡಲ್ಪಡಬೇಕೆಂದು ಗ್ರಂಥಕಾರನೇ ಹೇಳಿ ನಿಲ್ಲಿಸಿದ್ದಾನೆ. ಜೋಡಣೆ ಹೇಳದ ಯಂತ್ರವನ್ನು ಜೋಡಿಸಿ ಹಾರಿಸಿದರೆಂದು ಸಾಧಿಸುವುದು ಅಡುಗೆಯ ಹೆಸರನ್ನು ಕೇಳಿ ಹೊಟ್ಟೆ ತುಂಬಿತೆನ್ನುವುದಕ್ಕೆ ಸಮಾನ. ಹಾರಬೇಕೆಂಬ ಆಸೆ ಪ್ರಾಚೀನವಾದುದು. ಅದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. ಆಸೆಗೆ ದೊರೆತ ಸಾಕ್ಷ್ಯವನ್ನು ಹಾರಿದುದಕ್ಕೆ ಸಾಕ್ಷ್ಯವೆಂದು ತಿರುಗಿಸುವುದು ಮಾತ್ರ ಸಲ್ಲದು.

ಮೂರನೆಯ ಸಮಾಧಾನವು ಇನ್ನೂ ಮೃದುವಾದುದು. ಆದಕಾರಣವೇ ಹೆಚ್ಚು ಅಪಾಯಕಾರಿಯಾದುದು. ಸತ್ಯವೋ ಸುಳ್ಳೋ ಇರಲಿ, ಮಕ್ಕಳಿಗೆ ದೇಶಾಭಿಮಾನವು ಹುಟ್ಟುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಹುಟ್ಟುತ್ತದೆ, ಎಷ್ಟು ದಿನ ಬಾಳುತ್ತದೆಂಬುದನ್ನು ಯೋಚಿಸಬೇಕು. ಹತ್ತು ವರ್ಷದ ಹುಡುಗಿ ಇಂದು ಆ ಚಿತ್ರವನ್ನು ನಂಬುತ್ತಾಳೆ. ಹದಿನೆಂಟನೆಯ ವರ್ಷದಲ್ಲಿ ಯಂತ್ರಶಾಸ್ತ್ರವನ್ನು ಓದಿ ಅದು ಹಾರಲಾರದೆಂದು ತಾನೇ ಲೆಕ್ಕ ಹಾಕುತ್ತಾಳೆ. ಆಗ ಅವಳು ತ್ಯಜಿಸುವುದು ಆ ಚಿತ್ರವನ್ನು ಮಾತ್ರವಲ್ಲ. ಅದನ್ನು ತೋರಿಸಿದ ಉಪಾಧ್ಯಾಯರ ಮಾತನ್ನು, ಅದರ ಭಾಷೆಯಾದ ಸಂಸ್ಕೃತವನ್ನು, ಜೊತೆಗೆ ಕಲಿತ ಆರ್ಯಭಟನನ್ನೂ ಭಾಸ್ಕರನನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆಯುತ್ತಾಳೆ. ಕಳ್ಳನಾಣ್ಯವನ್ನು ಒಳ್ಳೆಯ ನಾಣ್ಯಗಳ ಚೀಲದಲ್ಲಿ ಬೆರೆಸಿದವನು ಇಡೀ ಚೀಲದ ಬೆಲೆಯನ್ನು ಕೆಡಿಸುತ್ತಾನೆ. ಸಂಸ್ಕೃತಕ್ಕೆ ಹಗೆಗಳಿಂದ ಆದ ಹಾನಿಗಿಂತ ಇಂಥ ಮಿತ್ರರಿಂದ ಆದ ಹಾನಿ ಹೆಚ್ಚು.

ಅಭಿಮಾನಪಡುವುದಕ್ಕೆ ನಿಜವಾದ ವಸ್ತು ಇಲ್ಲದಿದ್ದರೆ ಇದನ್ನು ಬಡವರ ಹಟವೆಂದು ಕ್ಷಮಿಸಬಹುದಾಗಿತ್ತು. ಇಲ್ಲಿ ಬಡತನವೆಲ್ಲಿದೆ? ದೋಣಿಯಲ್ಲಿ ಮುಂದಕ್ಕೆ ಹೋಗುವವನಿಗೆ ದಡದ ಮೇಲಿನ ನಿಶ್ಚಲವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ; ಹಾಗೆಯೇ ನಿಶ್ಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ತೋರುತ್ತವೆ ಎಂದು ಇಪ್ಪತ್ತಮೂರು ವರ್ಷದ ಆರ್ಯಭಟನು ಹೇಳಿದನು. ಭೂಮಿಯ ಮೇಲೆ ಕುಳಿತೇ ಭೂಮಿಯನ್ನು ಹೊರಗಿನಿಂದ ನೋಡಿದ ದೃಷ್ಟಿಯಿದು. ಗ್ರಹಾಂತರಯಾತ್ರೆಯ ಮೊದಲ ಹೆಜ್ಜೆಯು ಇಂಥ ದೃಷ್ಟಿಯೇ ಹೊರತು ರೆಕ್ಕೆಗಳಲ್ಲ. ಗ್ರಹಣದಲ್ಲಿ ಚಂದ್ರನು ಸೂರ್ಯನನ್ನೂ ಭೂಛಾಯೆಯು ಚಂದ್ರನನ್ನೂ ಮುಚ್ಚುವುದೆಂದೂ ಅವನೇ ಸ್ಪಷ್ಟವಾಗಿ ಹೇಳಿದನು. ಒಂದು ದೋಣಿಯ ದೃಷ್ಟಾಂತವು ಅಂತಸ್ತು ಅಂತಸ್ತಿನ ನಾಲ್ಕು ವಿಮಾನಗಳಿಗಿಂತ ಎತ್ತರಕ್ಕೆ ಹಾರಿದೆ. ಆದರೂ ಶಾಲೆಯ ಗೋಡೆಯ ಮೇಲೆ ಆ ದೋಣಿಯ ಚಿತ್ರವು ಕಾಣುವುದು ಅಪರೂಪ.

ಅವನ ಹೆಸರನ್ನೇ ಹೊತ್ತ ಉಪಗ್ರಹದ ಕಥೆ ಪೀಣ್ಯದ್ದು. ಉಡುಪಿಯ ಬಳಿಯ ಅದಮಾರಿನಲ್ಲಿ ೧೯೩೨ ರಲ್ಲಿ ಹುಟ್ಟಿದ ಯು. ಆರ್. ರಾಯರ ನಾಯಕತ್ವದಲ್ಲಿ ತರುಣರ ಗುಂಪೊಂದು ಷೆಡ್ಡುಗಳಲ್ಲಿ ಕುಳಿತು, ಇಪ್ಪತ್ತಾರು ಮುಖಗಳುಳ್ಳ, ಸುಮಾರು ೩೬೦ ಕಿಲೋಗ್ರಾಮು ತೂಕದ ಯಂತ್ರವನ್ನು ಕಟ್ಟಿತು. ೧೯೭೫ ನೆಯ ಏಪ್ರಿಲ್ ೧೯ ರಂದು ಸೋವಿಯತ್ ದೇಶದ ಕಪುಸ್ತಿನ್ ಯಾರಿನಿಂದ ಅದು ಮೇಲಕ್ಕೆ ಹೋಯಿತು. ಅದು ಕಳುಹಿಸುವ ಸಂಕೇತಗಳನ್ನು ಬೆಂಗಳೂರಿನಲ್ಲಿ ಬರಮಾಡಿಕೊಳ್ಳಲು ಒಂದು ಶೌಚಾಲಯವನ್ನೇ ಯಂತ್ರಗಳ ಕೋಣೆಯನ್ನಾಗಿ ಮಾರ್ಪಡಿಸಿಕೊಂಡುದು ಪ್ರಸಿದ್ಧವಾದ ಸಂಗತಿ. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ಪೂರೈಕೆ ಕೆಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತುವು. ಹಾಗೆ ನಿಂತುದನ್ನು ಯಾರೂ ಮರೆಮಾಚಲಿಲ್ಲ. ಆಮೇಲೆ ಅದರ ಚಿತ್ರವು ಎರಡು ರೂಪಾಯಿಯ ನೋಟಿನ ಮೇಲೆ ಬಂದು ದೇಶದ ಮೂಲೆಮೂಲೆಯ ಸಂತೆಗಳಲ್ಲಿ ಕೈಯಿಂದ ಕೈಗೆ ಓಡಾಡಿತು. ಆಕಾಶಚಿತ್ರಗಳೊಳಗೆ ಜನರ ಕೈಯಲ್ಲಿ ಇಷ್ಟು ಸವೆದುದು ಬೇರೊಂದಿಲ್ಲ. ಅದರ ಹಿಂದೆ ಸುಳ್ಳಿನ ಒಂದು ಕಾಸೂ ಇರಲಿಲ್ಲ.

ಹೊರದೇಶಗಳಲ್ಲಿ ಅನ್ಯಲೋಕಗಳ ಚಿತ್ರ ಬರೆದವರು ಏನು ಮಾಡಿದರೆಂಬುದನ್ನೂ ನೋಡತಕ್ಕದ್ದು. ೧೮೭೪ ರಲ್ಲಿ ನಾಸ್ಮಿತ್ ಮತ್ತು ಕಾರ್ಪೆಂಟರ್ ಎಂಬುವರು ದೂರದರ್ಶಕದಲ್ಲಿ ಕಂಡ ಚಂದ್ರನ ಬೆಟ್ಟಗಳನ್ನು ಗಾರೆಯಲ್ಲಿ ಅಚ್ಚುಮಾಡಿ, ಬಿಸಿಲಿಗಿಟ್ಟು, ಛಾಯಾಚಿತ್ರ ತೆಗೆದು ಪುಸ್ತಕ ಮಾಡಿದರು. ನೆರಳು ಉದ್ದವಾಗಿ ಬಿದ್ದುದನ್ನು ಕಂಡು ಬೆಟ್ಟಗಳು ಈಟಿಯಂತೆ ಚೂಪಾಗಿರಬೇಕೆಂದು ಎಣಿಸಿದರು. ಫ್ರಾನ್ಸಿನ ಲೂಸಿಯಾಂ ರ್‍ಯೂಡೋ ಎಂಬ ಚಿತ್ರಕಾರನು ಚಂದ್ರಬಿಂಬದ ಅಂಚನ್ನೇ ತಾಳ್ಮೆಯಿಂದ ನೋಡಿ, ಅಲ್ಲಿ ಚೂಪು ಕಾಣದೆ ಗುಂಡಗಿನ ಗುಡ್ಡಗಳೇ ಕಂಡದ್ದರಿಂದ, ಹಾಗೆಯೇ ಬರೆದನು. ೧೯೩೭ ರಲ್ಲಿ ಅನ್ಯಲೋಕಗಳನ್ನು ಕುರಿತ ಅವನ ಗ್ರಂಥವು ಪ್ರಕಟವಾಯಿತು. ಜನರಿಗೆ ರುಚಿಸಿದುದು ಮಾತ್ರ ಚೂಪು ಬೆಟ್ಟಗಳೇ. ಅಮೆರಿಕದ ಚೆಸ್ಲಿ ಬೋನ್‌ಸ್ಟೆಲ್ ಅಂಥವುಗಳನ್ನು ಅದ್ಭುತವಾಗಿ ಬರೆದನು. ೧೯೪೪ ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದ, ಟೈಟನ್ ಎಂಬ ಉಪಗ್ರಹದಿಂದ ಶನಿಯು ಕಾಣುವ ಅವನ ಚಿತ್ರವನ್ನು ನೋಡಿ ಎಷ್ಟೋ ಬಾಲಕರು ಖಗೋಳವಿದ್ಯೆಗೆ ಮನಸೋತರು. ಈ ಬೋನ್‌ಸ್ಟೆಲ್ ಮೊದಲು ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದವನು. ಎಲ್ಲಪ್ಪನವರೂ ನಕ್ಷೆಗಾರರು. ಇಬ್ಬರ ಕೈಯೂ ಒಂದೇ ಕಸುಬಿನಲ್ಲಿ ಪಳಗಿದುದು. ಆದರೆ ಅವರ ಚಿತ್ರಗಳ ಗತಿ ಬೇರೆ ಬೇರೆಯಾಯಿತು.

ಬೇರೆಯಾದುದು ಹೇಗೆ? ಬಾಸ್ಟನ್ ನಗರದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ೧೯೫೭ ರಲ್ಲಿ ಬೋನ್‌ಸ್ಟೆಲ್ ಬರೆದ ದೊಡ್ಡ ಚಂದ್ರಭೂಮಿಯ ಚಿತ್ರವನ್ನು ಇಡಿಸಿದರು. ೧೯೬೯ ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟನು. ಅಲ್ಲಿಯ ಗುಡ್ಡಗಳು ರ್‍ಯೂಡೋ ಬರೆದಂತೆ ಗುಂಡಗಿದ್ದುವು. ಬೋನ್‌ಸ್ಟೆಲ್ ಬರೆದಂತೆ ಚೂಪಾಗಿರಲಿಲ್ಲ. ೧೯೭೦ ರಲ್ಲಿ ಆ ಚಿತ್ರವನ್ನು ಗೋಡೆಯಿಂದ ಇಳಿಸಿದರು. ಸುಡಲಿಲ್ಲ, ಹರಿಯಲಿಲ್ಲ, ಮುಂದೆ ಅದು ಅಮೆರಿಕದ ರಾಷ್ಟ್ರೀಯ ಸಂಗ್ರಹಕ್ಕೆ ಸೇರಿ, ಒಂದು ಕಾಲದ ಜನರು ಚಂದ್ರನನ್ನು ಹೀಗೆ ಕಲ್ಪಿಸಿಕೊಂಡಿದ್ದರು ಎಂಬುದಕ್ಕೆ ಸಾಕ್ಷಿಯಾಯಿತು. ಟೈಟನ್ನಿನ ನೀಲಿ ಆಕಾಶವೂ ಸುಳ್ಳಾಯಿತು: ೨೦೦೫ ನೆಯ ಜನವರಿ ೧೪ ರಂದು ಹೈಗೆನ್ಸ್ ಎಂಬ ಯಂತ್ರವು ಅಲ್ಲಿ ಇಳಿದಾಗ ಸುತ್ತಲೂ ಕಿತ್ತಳೆಬಣ್ಣದ ದಟ್ಟವಾದ ಮಬ್ಬಿತ್ತು. ಮಂಗಳನ ಮೇಲಿನ ಕಾಲುವೆಗಳನ್ನು ಕಂಡೆವೆಂದು ೧೮೭೭ ರಿಂದ ನಡೆದ ವಾದವೂ, ೧೯೬೫ ರಲ್ಲಿ ಮ್ಯಾರಿನರ್ ಯಂತ್ರವು ಹಳ್ಳಗಳಿಂದ ತುಂಬಿದ ಒಣನೆಲದ ಚಿತ್ರ ಕಳುಹಿಸಿದ ಮೇಲೆ, ಉಡುಗಿಹೋಯಿತು. ೧೯೭೬ ರಲ್ಲಿ ವೈಕಿಂಗ್ ಯಂತ್ರವು ಕಳುಹಿಸಿದ ಮೊದಲ ವರ್ಣಚಿತ್ರದಲ್ಲಿ ಮಂಗಳನ ಆಕಾಶವನ್ನು ನೀಲಿಯಾಗಿ ಪ್ರಕಟಿಸಿದವರೇ ಕೂಡಲೆ ಬಣ್ಣವನ್ನು ತಿದ್ದಿ ಅದು ನಸುಗೆಂಪೆಂದು ಸಾರಿದರು.

ಇವುಗಳಿಂದ ತಿಳಿಯತಕ್ಕದ್ದೇನೆಂದರೆ, ಕಲ್ಪನೆಯು ತಪ್ಪಾಗುವುದು ದೋಷವಲ್ಲ. ಕಲ್ಪನೆಯು ಮುಂದೆ ಹೋಗಿ ಪ್ರಶ್ನೆ ಕೇಳುತ್ತದೆ. ಪ್ರತ್ಯಕ್ಷವು ಹಿಂದಿನಿಂದ ಬಂದು ಉತ್ತರ ಹೇಳುತ್ತದೆ. ಉತ್ತರ ಬಂದ ಮೇಲೆ ಪ್ರಶ್ನೆಯನ್ನೇ ಉತ್ತರವೆಂದು ಹಿಡಿದು ಕೂರುವುದು ದೋಷ. ಬೋನ್‌ಸ್ಟೆಲ್ಲನ ಅಭಿಮಾನಿಗಳು ಚಂದ್ರನೇ ತಪ್ಪು, ಚಿತ್ರವೇ ಸರಿ ಎಂದು ಹಟ ಹಿಡಿಯಲಿಲ್ಲ. ಶಕುನವಿಮಾನದ ಅಭಿಮಾನಿಗಳು ಗಣಿತವೇ ತಪ್ಪು, ನಕ್ಷೆಯೇ ಸರಿ ಎನ್ನುತ್ತಾರೆ. ವ್ಯತ್ಯಾಸವು ಚಿತ್ರಗಳಲ್ಲಿಲ್ಲ, ನೋಡುವವರಲ್ಲಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಎದುರುಗಡೆಯ ಇನ್ನೊಂದು ಪಕ್ಷದವರು ಹಿಗ್ಗಬೇಕಾಗಿಲ್ಲ. ಸುಬ್ಬರಾಯಶಾಸ್ತ್ರಿಗಳ ಹೆಸರು ಕೇಳಿದೊಡನೆ ಕೈತಟ್ಟಿ ನಗುವುದು, ಸಂಸ್ಕೃತವೆಂದರೆ ಕಟ್ಟುಕಥೆಗಳ ಕಣಜವೆಂದು ಹೀಯಾಳಿಸುವುದು, ನಕ್ಷೆಗಳನ್ನು ಕಸದ ಬುಟ್ಟಿಗೆ ಹಾಕಬೇಕೆನ್ನುವುದು ಇವರ ಪದ್ಧತಿ. ಇದೂ ಅವಿವೇಕವೇ. ವಿಮಾನಗಳ ಸುದ್ದಿಯು ಹೊಸದಾಗಿ ಬರುತ್ತಿದ್ದ ಕಾಲದಲ್ಲಿ ಆನೇಕಲ್ಲಿನ ಒಬ್ಬ ಪಂಡಿತರೂ ಬೆಂಗಳೂರಿನ ಒಬ್ಬ ನಕ್ಷೆಗಾರರೂ ಎದುರುಬದುರಾಗಿ ಕುಳಿತು, ಒಬ್ಬರು ಸಂಸ್ಕೃತದಲ್ಲಿ ನುಡಿದುದನ್ನು ಇನ್ನೊಬ್ಬರು ಅಳತೆಯ ಗೆರೆಗಳಾಗಿ ಮಾಡಲು ಯತ್ನಿಸಿದರೆಂಬುದು ಈ ನಾಡಿನ ಕಲ್ಪನೆಯ ಚರಿತ್ರೆಯಲ್ಲಿ ಸ್ವಾರಸ್ಯವಾದ ಅಧ್ಯಾಯ. ಪರಾಧೀನವಾದ ದೇಶವೊಂದು ತನಗೂ ಆಕಾಶದಲ್ಲಿ ಪಾಲುಂಟೆಂದು ಹೇಳಿಕೊಳ್ಳಲು ಹೆಣಗಿದ ಗುರುತು ಆ ಗೆರೆಗಳಲ್ಲಿದೆ. ಆ ಹೆಣಗಾಟವನ್ನು ನೋಡಿ ನಗುವವನಿಗೆ ಚರಿತ್ರೆ ತಿಳಿಯದು; ಅದನ್ನೇ ವಿಜಯವೆಂದು ಸಾರುವವನಿಗೆ ಸತ್ಯ ಬೇಡ.

ಅದೇ ೧೯೧೮ ರಲ್ಲಿ, ಇದೇ ಬೆಂಗಳೂರಿನಲ್ಲಿ, ಇನ್ನೊಂದು ಕೆಲಸವೂ ಮೊದಲಾಯಿತೆಂಬುದನ್ನು ಈ ಎರಡು ಪಕ್ಷದವರೂ ಮರೆತಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಸೇರಿ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಹಳಗನ್ನಡ ಕಾವ್ಯದಲ್ಲಿಯೂ ಪಾಂಡಿತ್ಯವಿದ್ದ ವೆಂಕಟನಾರಣಪ್ಪನವರು ಶಾಸ್ತ್ರದ ಮಾತನ್ನು ಕನ್ನಡದಲ್ಲಿ ಹೇಳಬಹುದೆಂದು ಮಾಡಿ ತೋರಿಸಿದರು. ಪತ್ರಿಕೆ ಎರಡು ವರ್ಷ ನಡೆದು ನಿಂತುಹೋಯಿತು. ೧೯೩೬ ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚವನ್ನು ಸಂಪುಟಗಳಲ್ಲಿ ಹೊರತಂದರು. ಒಂದು ಊರಿನಲ್ಲಿ ಒಂದೇ ವರ್ಷ ಎರಡು ಬೀಜಗಳು ಬಿದ್ದುವು. ಒಂದಕ್ಕೆ ನೂರು ವರ್ಷ ಜನರು ತಾವಾಗಿಯೇ ನೀರೆರೆದರು. ಇನ್ನೊಂದಕ್ಕೆ ಚಂದಾದಾರರೂ ಉಳಿಯಲಿಲ್ಲ. ಅಭಿಮಾನದ ಹೆಸರಿನಲ್ಲಿ ಘೋಷಣೆ ಮಾಡುವವರು ಈ ಲೆಕ್ಕಕ್ಕೆ ಉತ್ತರ ಹೇಳಬೇಕು.

ಹಾಗಾದರೆ ಮಾಡತಕ್ಕದ್ದೇನು? ಬಾಸ್ಟನ್ನಿನವರು ಮಾಡಿದುದನ್ನೇ. ಎಲ್ಲಪ್ಪನವರ ನಕ್ಷೆಗಳನ್ನು ಪ್ರಮಾಣದ ಪೀಠದಿಂದ ಇಳಿಸಿ ಚಿತ್ರಶಾಲೆಯ ಗೋಡೆಗೆ ಏರಿಸಬೇಕು. ಕತ್ತರಿಸಿ ಬಿಸುಟ ಒಕ್ಕಣೆಯನ್ನು ಮತ್ತೆ ಸೇರಿಸಬೇಕು: ಬರೆದವರು ಟಿ. ಕೆ. ಎಲ್ಲಪ್ಪ, ಹೇಳಿದವರು ಆನೇಕಲ್ ಸುಬ್ಬರಾಯಶಾಸ್ತ್ರಿ, ಬೆಂಗಳೂರು, ೧೯೨೩. ಪಕ್ಕದಲ್ಲಿ ೧೯೭೪ ರ ನಿರ್ಣಯವನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕು. ಆಗ ಆ ಚಿತ್ರದಿಂದ ಮಗುವು ಕಲಿಯುವುದು ಹೆಚ್ಚು. ಏಕೆ ಹಾರುವುದಿಲ್ಲ, ಹಾರಬೇಕಾದರೆ ಏನನ್ನು ಬದಲಾಯಿಸಬೇಕು ಎಂದು ಕೇಳುವ ಉಪಾಧ್ಯಾಯನು ಒಂದೇ ನಕ್ಷೆಯಿಂದ ಒಂದು ತಿಂಗಳ ಪಾಠ ಮಾಡಬಲ್ಲನು. ಮಕ್ಕಳಿಂದಲೂ ಗ್ರಹಗಳ ಚಿತ್ರ ಬರೆಯಿಸಬೇಕು. ಪ್ರತಿ ಚಿತ್ರದ ಕೆಳಗೆ ಇದು ಕಂಡುದೋ, ಎಣಿಸಿ ತಿಳಿದುದೋ, ಕೇವಲ ಕಲ್ಪಿಸಿದುದೋ ಎಂದು ಬರೆಯಿಸಬೇಕು. ಪ್ರತ್ಯಕ್ಷ, ಅನುಮಾನ, ಕಲ್ಪನೆ ಎಂಬ ಈ ವಿಭಾಗವು ಹುಡುಗರಿಗೆ ಒಮ್ಮೆ ಮನಸ್ಸಿಗೆ ಹತ್ತಿದರೆ ಮುಂದೆ ಯಾರೂ ಅವರನ್ನು ಸುಲಭವಾಗಿ ಮೋಸಗೊಳಿಸಲಾರರು.

ಈ ನಿಯಮವು ಹಳೆಯ ಚಿತ್ರಗಳಿಗೆ ಮಾತ್ರವಲ್ಲ, ಹೊಸ ಚಿತ್ರಗಳಿಗೂ ಅನ್ವಯಿಸತಕ್ಕದ್ದು. ೨೦೨೩ ನೆಯ ಆಗಸ್ಟ್ ೨೩ ರಂದು ಚಂದ್ರಯಾನ ಮೂರರ ಯಂತ್ರವು ಚಂದ್ರನ ದಕ್ಷಿಣ ಭಾಗದಲ್ಲಿ ಇಳಿಯುತ್ತಿದ್ದಾಗ ದೂರದರ್ಶನದ ಪರದೆಯ ಮೇಲೆ ಇಳಿಯುವ ಯಂತ್ರದ ಸುಂದರವಾದ ಚಿತ್ರವೊಂದು ಚಲಿಸುತ್ತಿತ್ತು. ಅದು ಗಣಕಯಂತ್ರವು ರಚಿಸಿದ ಚಿತ್ರ. ಹೊರಗಿನಿಂದ ನಿಂತು ಛಾಯಾಚಿತ್ರ ತೆಗೆಯುವವನು ಅಲ್ಲಿ ಯಾರಿದ್ದನು? ಪೀಣ್ಯದ ಕೋಣೆಯಲ್ಲಿ ಕುಳಿತವರು ಉಸಿರು ಬಿಗಿಹಿಡಿದು ನೋಡುತ್ತಿದ್ದುದು ಎತ್ತರವನ್ನೂ ವೇಗವನ್ನೂ ತೋರಿಸುವ ಅಂಕೆಗಳನ್ನು, ಗೊತ್ತುಮಾಡಿದ ದಾರಿಯ ಮೇಲೆ ಇಳಿಯುತ್ತಿದ್ದ ಒಂದು ಗೆರೆಯನ್ನು. ಅಲಂಕಾರವಿಲ್ಲದ ಆ ಗೆರೆಯೇ ಸತ್ಯದ ಚಿತ್ರವಾಗಿತ್ತು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳದ ಉಪಾಧ್ಯಾಯನು, ಶಕುನವಿಮಾನವನ್ನು ಋಷಿನಿರ್ಮಿತವೆಂದು ತೋರಿಸುವವನ ಪಕ್ಕದಲ್ಲಿಯೇ ನಿಲ್ಲಬೇಕಾದವನು.

ಆ ಗೆರೆಯು ಸರಿಯಾಗಿ ನೆಲ ಮುಟ್ಟುವುದಕ್ಕೆ ನಾಲ್ಕು ವರ್ಷಗಳ ಹಿಂದಿನ ಒಂದು ಸೋಲು ಕಾರಣವಾಗಿತ್ತು. ೨೦೧೯ ನೆಯ ಸೆಪ್ಟೆಂಬರು ೭ ರ ನಡುರಾತ್ರಿ ಕಳೆದ ಮೇಲೆ ಚಂದ್ರಯಾನ ಎರಡರ ಯಂತ್ರವು ನೆಲ ಸಮೀಪಿಸುತ್ತಿರುವಾಗ ಗೆರೆಯು ದಾರಿ ತಪ್ಪಿತು, ಸಂಕೇತ ನಿಂತುಹೋಯಿತು. ಅವರು ಏನು ಮಾಡಿದರು? ಯಂತ್ರವು ಇಳಿಯಿತೆಂದು ಬರೆದು ಒಂದು ಚಂದದ ಚಿತ್ರವನ್ನು ಅಚ್ಚುಹಾಕಿಸಲಿಲ್ಲ. ತಡೆಯುವ ಇಂಜಿನುಗಳು ಎಣಿಸಿದುದಕ್ಕಿಂತ ಹೆಚ್ಚು ಬಲ ಕೊಟ್ಟುದನ್ನೂ, ಯಂತ್ರವು ಬೇಕಾದಷ್ಟು ಬೇಗ ತಿರುಗಲಾರದೆ ಹೋದುದನ್ನೂ, ಇಳಿಯಲು ಗೊತ್ತುಮಾಡಿದ ಅರ್ಧ ಕಿಲೋಮೀಟರಿನ ಚೌಕವು ತೀರ ಸಣ್ಣದಾಗಿದ್ದುದನ್ನೂ ಎಲ್ಲರಿಗೂ ತಿಳಿಯುವಂತೆ ಹೇಳಿದರು. ಐದಿದ್ದ ಇಂಜಿನುಗಳನ್ನು ನಾಲ್ಕಕ್ಕಿಳಿಸಿದರು, ಕಾಲುಗಳನ್ನು ಬಲಪಡಿಸಿದರು, ಇಳಿಯುವ ಜಾಗವನ್ನು ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೂ ಎರಡೂವರೆ ಕಿಲೋಮೀಟರು ಅಗಲಕ್ಕೂ ಹಿಗ್ಗಿಸಿದರು. ತಪ್ಪನ್ನು ತಪ್ಪೆಂದು ಬರೆದಿಟ್ಟವರ ಯಂತ್ರವು ಚಂದ್ರನ ಮೇಲೆ ಇಳಿಯಿತು.

ಬ್ರಹ್ಮಗುಪ್ತನು ಆರ್ಯಭಟನನ್ನು ಖಂಡಿಸಿದಾಗ ಇದ್ದ ಧೈರ್ಯವೂ, ಪೀಣ್ಯದವರು ತಮ್ಮ ಸೋಲನ್ನೇ ಶೋಧಿಸಿದಾಗ ಇದ್ದ ಧೈರ್ಯವೂ ಒಂದೇ ಜಾತಿಯದು. ಸಂಸ್ಕೃತದಲ್ಲಿ ಅದಕ್ಕೆ ವಾದವೆಂದು ಹೆಸರು; ಜಲ್ಪವಿತಂಡೆಗಳಿಂದ ಅದನ್ನು ಬೇರ್ಪಡಿಸಿ ಲಕ್ಷಣ ಹೇಳಿದವರು ಈ ದೇಶದ ಗೌತಮಾದಿಗಳೇ. ಆ ವಾದದ ಪರಂಪರೆಯು ಪಿತ್ರಾರ್ಜಿತವಾದ ಆಸ್ತಿ. ಅದನ್ನು ಅಡವಿಟ್ಟು ಹಾರಲಾರದ ನಾಲ್ಕು ವಿಮಾನಗಳನ್ನು ಕೊಂಡುಕೊಳ್ಳುವವರು ಪೂರ್ವಜರ ಹೆಸರಿನಲ್ಲಿ ಪೂರ್ವಜರಿಗೇ ನಷ್ಟ ಮಾಡುತ್ತಿದ್ದಾರೆ. ಯಲಹಂಕದ, ಹೆಬ್ಬಾಳದ, ಯಶವಂತಪುರದ ಶಾಲೆಗಳಲ್ಲಿ ಇಂದು ಬಣ್ಣದ ಕಡ್ಡಿ ಹಿಡಿದು ಶನಿಯ ಬಳೆಗಳನ್ನು ಬರೆಯುತ್ತಿರುವ ಮಕ್ಕಳಿಗೆ ಕಲ್ಪನೆಯನ್ನು ಕಲ್ಪನೆಯೆಂದೇ ಕೊಡುವ ಉಪಾಧ್ಯಾಯರು ಬೇಕಾಗಿದ್ದಾರೆ. ಚಿತ್ರದ ಕೆಳಗಿನ ಒಂದು ಸಾಲು ಪ್ರಾಮಾಣಿಕವಾಗಿದ್ದರೆ ಮೇಲಿನ ಚಿತ್ರವು ಎಷ್ಟು ಎತ್ತರಕ್ಕೆ ಹಾರಿದರೂ ಯಾರಿಗೂ ಆಕ್ಷೇಪವಿರುವುದಿಲ್ಲ.